ಅಪ್ಪ ಮಾತು ಬಿಟ್ಟಿದ್ದರು

ನಮ್ಮಪ್ಪ ಒಂದು ದಿನವೂ ನನ್ನ ಮೇಲೆ ಕೈ ಎತ್ತಿದವರಲ್ಲ. ಮಾತು ಬಿಡುತ್ತಿದ್ದರು, ಅಷ್ಟೇ. ಏಳನೇ ಕ್ಲಾಸಿನಲ್ಲಿ ಗಣಿತದಲ್ಲಿ ಮಾರ್ಕ್ಸ್ ಕಮ್ಮಿ ಬಂತೆಂದು ದಸರಾದಿಂದ ದೀಪಾವಳಿವರೆಗೂ ಮಾತಿಲ್ಲ. ಎದುರಿಗೇ ಊಟಕ್ಕೆ ಕೂತಿದ್ದರೂ ಅಮ್ಮನ ಕಡೆ ತಿರುಗಿ, "ಅವನಿಗೆ ಹೇಳು, ಫೀಸಿನ ದುಡ್ಡು ರೇಡಿಯೋ ಮೇಲಿದೆ" ಅನ್ನುತ್ತಿದ್ದರು.

ಈಗ ನಾನು ಇಂಗ್ಲೆಂಡಿನಲ್ಲಿದ್ದೇನೆ, ವಯಸ್ಸು 42. ಹೋದ ವರ್ಷ ಹೆಂಡತಿ ಮೇಲೆ ಸಿಟ್ಟು ಬಂದು ಮಗಳ ಕಡೆ ತಿರುಗಿ, "ಅಮ್ಮನಿಗೆ ಹೇಳು" ಅಂದೆ. ಆ ವಾರವೇ ಥೆರಪಿಗೆ ಹೆಸರು ಕೊಟ್ಟೆ.

ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಕೊಡುವ ಮಾತಿನ ಚಿಕಿತ್ಸೆ, ಅಂದರೆ ಟಾಕಿಂಗ್ ಥೆರಪೀಸ್‌ಗೆ ಡಾಕ್ಟರ ಚೀಟಿ ಬೇಕಿಲ್ಲ, ದುಡ್ಡೂ ಬೇಕಿಲ್ಲ. ನಾವೇ ಅರ್ಜಿ ಹಾಕಬಹುದು. ಅದಿರುವುದು ಖಿನ್ನತೆ, ಆತಂಕಕ್ಕೆ. ಬಾಲ್ಯದ ನೋವೂ ಎಷ್ಟೋ ಸಲ ಅದೇ ಬಾಗಿಲಿಂದ ಒಳಗೆ ಬರುತ್ತದೆ. ನಿದ್ದೆ ಹೇಗಿದೆ, ಊಟ ಸೇರುತ್ತಾ ಅಂತ 9 ಪ್ರಶ್ನೆ, ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ. ಇಲ್ಲೂ ಮಾರ್ಕ್ಸ್!

ಥೆರಪಿಸ್ಟ್ ಒಂದು ದಿನ, "ಅಪ್ಪ ಮತ್ತೆ ಮಾತು ಶುರುಮಾಡಿದ್ದು ಹೇಗೆ?" ಅಂತ ಕೇಳಿದರು. ಒಂದು ಬೆಳಿಗ್ಗೆ ಸುಮ್ನೆ "ಪೇಪರ್ ತಗೊಂಡ್ಬಾ" ಅಂದಿದ್ದರು. ನಾನು ಓಡಿದ್ದೆ. ಆ ಓಟ ನೆನೆಸಿಕೊಂಡರೆ ಈಗಲೂ ಹೊಟ್ಟೆ ಹಿಂಡುತ್ತದೆ. ಆದರೆ ಇಂಗ್ಲಿಷಿನಲ್ಲಿ ಹೇಳುವಾಗ ಯಾರದೋ ಕತೆ ಅನಿಸುತ್ತಿತ್ತು. ನನಗೆ ಅರ್ಥವಾಗದಿದ್ದರೂ ಪರವಾಗಿಲ್ಲ, ನಿಮ್ಮ ಭಾಷೆಯಲ್ಲೇ ಹೇಳಿ ಅಂದರು ಆಕೆ. "ಅಪ್ಪ ಮಾತು ಬಿಟ್ಟಿದ್ರು" ಅಂದೆ. ಗಂಟಲು ಕಟ್ಟಿತು.

ಊರಿಗೆ ಹೋದಾಗ ಅಕ್ಕನ ಹತ್ತಿರ ಇದನ್ನೇ ಹೇಳಿದೆ. "ಫೀಸು ಕಟ್ಟಲಿಲ್ವಾ, ಹೊಟ್ಟೆಗೆ ಹಾಕಲಿಲ್ವಾ?" ಅಂದಳು. ನಿಜ, ಎರಡೂ ಮಾಡಿದರು. ಹಂಗಿಸುವುದು, ಮೂದಲಿಸುವುದು, ಹೀಯಾಳಿಸುವುದು, ಹೀಗೆ ಆಡಿದ ಮಾತಿಗೆ ನಮ್ಮಲ್ಲಿ ಹೆಸರುಗಳು ಬೇಕಾದಷ್ಟಿವೆ. ಆಡದೇ ಹೋದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೇಂದ್ರ ಸರ್ಕಾರ 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಹೊರತಂದ ಅಧ್ಯಯನದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಕ್ಕಳು ಭಾವನಾತ್ಮಕ ಹಿಂಸೆ ಅನುಭವಿಸಿದ್ದೇವೆ ಅಂದಿದ್ದರು. ಅವರಲ್ಲಿ ಎಷ್ಟೋ ಜನ ಈಗ ಅಪ್ಪ ಅಮ್ಮ ಆಗಿರಬೇಕು.

ಹಾಗಂತ ಇಲ್ಲಿಯ ರೀತಿಯೆಲ್ಲ ನನಗೆ ಒಗ್ಗುವುದಿಲ್ಲ. ಇಲ್ಲಿಯ ಗೆಳೆಯರು, "ಅಂಥ ಅಪ್ಪನ ಸಹವಾಸ ಬಿಡು" ಅಂತಾರೆ. ಅಪ್ಪನಿಗೆ 78, ಶುಗರ್ ಜಾಸ್ತಿ. ಮಾತ್ರೆ ತಗೊಂಡ್ರಾ ಅಂತ ದಿನಾ ಫೋನ್ ಮಾಡುವವನು ನಾನೇ. ಮಾತು ಬಿಟ್ಟವರಿಗೆ ಮಾತು ಬಿಟ್ಟೇ ಉತ್ತರ ಕೊಡಬೇಕಾ?

ಹೋದ ತಿಂಗಳು ರಾತ್ರಿ ಅಕ್ಕನ ಫೋನ್. "ನನ್ನ ಹತ್ರಾನೂ ಬಿಟ್ಟಿದ್ರು ಕಣೋ, ಪಿಯುಸಿಯಲ್ಲಿ. 26 ದಿನ." ಎಣಿಸಿಟ್ಟುಕೊಂಡಿದ್ದಾಳೆ!

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಟ್ಟೆ. ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಆ ಭಾಗ್ಯ ನನಗಿರಲಿಲ್ಲ. ಆದರೆ ಇದು ಒಂದು ಫೋನಿಗೆ ಮುಗಿಯುವ ಮಾತಲ್ಲ. ವಾರವಾರ ಒಬ್ಬರ ಎದುರಿಗೇ ಕೂರಬೇಕು, ತಿಂಗಳುಗಟ್ಟಲೆ. ಮಾನಸಿಕ ಚಿಕಿತ್ಸೆಯನ್ನು ಜಿಲ್ಲೆಗೆ ಒಯ್ಯುವ ನಿಮ್ಹಾನ್ಸ್‌ನ ಪ್ರಯೋಗ 1980ರ ದಶಕದಲ್ಲೇ ನಡೆದದ್ದು ನಮ್ಮ ಬಳ್ಳಾರಿಯಲ್ಲಿ. ಅಕ್ಕನ ತಾಲೂಕಿನಲ್ಲಿ ಹಾಗೆ ಕೂತು ಕೇಳುವವರನ್ನು ನಾನಿನ್ನೂ ಹುಡುಕುತ್ತಿದ್ದೇನೆ.