ಬೋಲ್ಟ್ ಬಿಗಿದ ಮಾತ್ರಕ್ಕೆ ಆಯಿಲ್ ಸೋರುವುದು ನಿಲ್ಲುವುದಿಲ್ಲ

ಟ್ಯಾಪೆಟ್ (ವಾಲ್ವಿನ ಸಂದು) ಸರಿಪಡಿಸಲೆಂದು ಬೈಕಿನ ಎಂಜಿನ್ ಹೆಡ್ಡಿನ ಮೇಲಿನ ಮುಚ್ಚಳವಾದ ವಾಲ್ವ್ ಕವರ್ ಬಿಚ್ಚಿ ಮತ್ತೆ ಕೂರಿಸಿದ ಕೆಲವೇ ದಿನಗಳಲ್ಲಿ ಹೆಡ್ಡಿನ ಅಂಚಿನಲ್ಲಿ ಎಣ್ಣೆಯ ಪಸೆ ಕಾಣಿಸಿಕೊಂಡರೆ, ಹೆಚ್ಚಿನವರ ಕೈ ಮೊದಲು ಸ್ಪ್ಯಾನರಿಗೇ ಹೋಗುತ್ತದೆ. ನನ್ನ ಕೈಯೂ ಒಮ್ಮೆ ಹಾಗೆಯೇ ಹೋಗಿತ್ತು. ಇನ್ನು ಕಾಲು ಸುತ್ತು ಎಂದುಕೊಂಡು ಬಿಗಿಯುತ್ತಿದ್ದಂತೆ ಬೋಲ್ಟ್ ಇದ್ದಕ್ಕಿದ್ದಂತೆ ಹಗುರವಾಗಿ ತಿರುಗತೊಡಗಿತು. ಹೆಡ್ಡಿನ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬಂದಿತ್ತು, ಎಣ್ಣೆ ಮಾತ್ರ ಮೊದಲಿನಂತೆಯೇ ಜಿನುಗುತ್ತಿತ್ತು. ಕವರ್ ಸೋರುವುದೋ ಇಲ್ಲವೋ ಎಂಬುದು ಬೋಲ್ಟ್ ಹಾಕುವ ಮೊದಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ ಎಂದು ನಾನು ನಂಬಿದ್ದು ಅಂದಿನಿಂದ.

ಇದಕ್ಕೆ ಕಾರಣ ಬೋಲ್ಟಿನ ರಚನೆಯಲ್ಲೇ ಇದೆ. ಹಲವು ಎಂಜಿನ್‌ಗಳಲ್ಲಿ ಕವರಿನ ಬೋಲ್ಟಿಗೆ ಒಂದು ಮೆಟ್ಟಿಲಿರುತ್ತದೆ. ಆ ಮೆಟ್ಟಿಲು ಹೆಡ್ಡಿಗೆ ತಾಗಿ ನಿಂತ ಮೇಲೆ, ಬೋಲ್ಟಿನ ತಲೆಯ ಕೆಳಗಿರುವ ರಬ್ಬರ್ ವಾಷರ್ ಎಷ್ಟು ಒತ್ತುತ್ತದೋ ಅಷ್ಟೇ ಒತ್ತಡ, ಕವರ್ ಮತ್ತು ಹೆಡ್ಡಿನ ನಡುವೆ ಕೂತು ಎಣ್ಣೆ ತಡೆಯುವ ರಬ್ಬರ್ ಪಟ್ಟಿಯಾದ ಗ್ಯಾಸ್ಕೆಟ್ಟಿಗೆ ಸಿಗುತ್ತದೆ. ಅದರಾಚೆಗೆ ಹಾಕುವ ಬಲವೆಲ್ಲ ಥ್ರೆಡ್ಡನ್ನು ಎಳೆಯುವುದಕ್ಕೆ ಮಾತ್ರ ಖರ್ಚಾಗುತ್ತದೆ. ಆದ್ದರಿಂದ ಹೊಸ ಗ್ಯಾಸ್ಕೆಟ್ ತಂದು, ಬಿಸಿಗೆ ಸಿಕ್ಕಿ ಗಟ್ಟಿಯಾದ ಹಳೆಯ ವಾಷರುಗಳನ್ನೇ ಮತ್ತೆ ಹಾಕಿದರೆ ಅರ್ಧ ಕೆಲಸ ಮಾಡಿದಂತೆ. ಇಂತಹ 6 ಮಿಲಿಮೀಟರ್ ಬೋಲ್ಟುಗಳಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸಿನ ಟಾರ್ಕ್ (ತಿರುಗಿಸುವ ಬಲ) ಸಾಕು, ನಿಖರವಾದ ಅಂಕಿಯನ್ನು ಆಯಾ ಬೈಕಿನ ಸರ್ವಿಸ್ ಮ್ಯಾನುಯಲ್‌ನಲ್ಲೇ ನೋಡಬೇಕು. 10 ಸೆಂಟಿಮೀಟರ್ ಉದ್ದದ ಹಿಡಿಕೆಯ ತುದಿಯಲ್ಲಿ ಸುಮಾರು 10 ಕಿಲೋ ಭಾರ ತೂಗಿದರೆ ಅಷ್ಟು ಟಾರ್ಕ್ ಆಗಿಬಿಡುತ್ತದೆ. ಉದ್ದನೆಯ ಹಿಡಿಕೆ ಹಿಡಿದ ಕೈಗೆ ಅದು ಏನೂ ಬಿಗಿಯದಂತೆಯೇ ಅನ್ನಿಸುತ್ತದೆ, ಹಾನಿಯಾಗುವುದೂ ಅಲ್ಲೇ.

ನಿಜವಾದ ಶ್ರಮ ಬೇಕಾಗಿರುವುದು ಶುಚಿ ಮಾಡುವುದರಲ್ಲಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕವರ್ ತೆಗೆದು, ಕಸ ಒಳಗೆ ಬೀಳದಂತೆ ಮೊದಲು ಕ್ಯಾಮ್ ಚೈನ್ ಇಳಿಯುವ ಕಿಂಡಿಗೆ ನೂಲು ಬಿಡದ ಬಟ್ಟೆ ತುರುಕಬೇಕು (ಎಷ್ಟು ತುಂಡು ತುರುಕಿದಿರಿ ಎಂದು ಎಣಿಸಿಟ್ಟುಕೊಳ್ಳಿ, ತೆಗೆಯುವಾಗ ಲೆಕ್ಕ ಸರಿಹೋಗಬೇಕು). ಸೋರದಿರಲೆಂದು ಹಿಂದೆ ಬಳಿದು ಅಂಟಿಕೊಂಡಿರುವ ಹಳೆಯ ಸಿಲಿಕಾನ್ ಅಂಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಬೇಕೇ ಹೊರತು ಸ್ಕ್ರೂಡ್ರೈವರಿನಿಂದಲ್ಲ. ಅಲ್ಯೂಮಿನಿಯಂ ಮೇಲೆ ಬಿದ್ದ ಒಂದು ಆಳವಾದ ಗೀರು ಎಣ್ಣೆಗೆ ಕಾಲುವೆ ತೋಡಿಕೊಟ್ಟಂತೆ. ಕೊನೆಗೆ ಬ್ರೇಕ್ ಕ್ಲೀನರ್ ಹಾಕಿದ ಬಟ್ಟೆಯಿಂದ ಎರಡೂ ಮುಖಗಳನ್ನು, ಗ್ಯಾಸ್ಕೆಟ್ ಕೂರುವ ಕವರಿನ ತೋಡನ್ನೂ ಸೇರಿಸಿ, ಬೆರಳಿಗೆ ಎಣ್ಣೆಯ ಜಿಡ್ಡು ತಾಗದಷ್ಟು ಒರೆಸಬೇಕು.

ಸಿಲಿಕಾನ್ ಹೆಚ್ಚು ಬಳಿದಷ್ಟೂ ಒಳ್ಳೆಯದೆಂಬ ನಂಬಿಕೆಯನ್ನು ನಾನಂತೂ ಒಪ್ಪುವುದಿಲ್ಲ. ರಬ್ಬರ್ ಗ್ಯಾಸ್ಕೆಟ್ಟಿಗೆ ಅದು ಬೇಕಾಗುವುದು ಕೆಲವೇ ಕಡೆ. ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟಿನ ತುದಿಯಲ್ಲಿ ಹೆಡ್ ಅರ್ಧಚಂದ್ರಾಕಾರವಾಗಿ ತಗ್ಗಿರುವ ಎಂಜಿನ್‌ಗಳಲ್ಲಿ, ಸಮತಲವು ಬಾಗಿದ ತಗ್ಗಿಗೆ ತಿರುಗುವ ಚೂಪು ಮೂಲೆಗೆ ರಬ್ಬರ್ ಪೂರ್ತಿ ಇಳಿಯುವುದಿಲ್ಲ. ಅಲ್ಲಿ ಬೆಂಕಿಕಡ್ಡಿಯ ತಲೆಯಷ್ಟು ಸಿಲಿಕಾನ್ ಇಟ್ಟರೆ ಸಾಕು. ಸುತ್ತಲೂ ಬಳಿದರೆ ಹೊರಗೆ ಎಷ್ಟು ಉಬ್ಬಿ ಬರುತ್ತದೋ ಒಳಗೂ ಅಷ್ಟೇ ಉಬ್ಬಿರುತ್ತದೆ. ಒಳಗಿನ ಆ ಎಳೆ ಒಂದು ದಿನ ಕಳಚಿ ಎಣ್ಣೆಯೊಡನೆ ಹರಿದು ಆಯಿಲ್ ಪಂಪಿನ ಜಾಲರಿಗೆ ಅಡರಿಕೊಳ್ಳಬಹುದು. ಒಂದು ಹನಿ ಸೋರಿಕೆಗೆ ಹೆದರಿ ಎಂಜಿನ್ನಿಗೇ ಎಣ್ಣೆ ತಪ್ಪಿಸುವುದು ಯಾವ ಲೆಕ್ಕ?

ಕೂರಿಸುವಾಗಿನ ಕಷ್ಟ ಬೇರೆ. ಕವರನ್ನು ಫ್ರೇಮು, ವೈರುಗಳ ನಡುವಿನ ಇಕ್ಕಟ್ಟಿನಲ್ಲಿ ಓರೆಯಾಗಿ ತೂರಿಸುವಾಗ, ಹಿಂಭಾಗದ ಕಾಣದ ಮೂಲೆಯಲ್ಲಿ ಗ್ಯಾಸ್ಕೆಟ್ ತೋಡಿನಿಂದ ಜಾರಿ ಮಡಚಿಕೊಳ್ಳುತ್ತದೆ. ಅದನ್ನು ತಪ್ಪಿಸಲು ಕವರಿನ ತೋಡಿಗೆ ಮಾತ್ರ ಅಲ್ಲಲ್ಲಿ ಚುಕ್ಕೆಯಷ್ಟು ಅಂಟು ಹಾಕಿ ಗ್ಯಾಸ್ಕೆಟ್ಟನ್ನು ಹಿಡಿದು ನಿಲ್ಲಿಸಿ, ಹೆಡ್ಡಿಗೆ ತಾಗುವ ಮುಖವನ್ನು ಒಣಗಿರುವಂತೆ ಬಿಡುವುದು ಒಳ್ಳೆಯದು. ಕವರ್ ಕುಳಿತ ಮೇಲೆ ಟಾರ್ಚ್ ಮತ್ತು ಚಿಕ್ಕ ಕನ್ನಡಿ ಹಿಡಿದು ಸುತ್ತಲೂ ನೋಡಿ, ಕಣ್ಣು ಹೋಗದ ಕಡೆ ಬೆರಳಾಡಿಸಿ ನೋಡಿ. ಬಳಿಕ ಎಲ್ಲ ಬೋಲ್ಟುಗಳನ್ನೂ ಕೈಯಲ್ಲೇ ತಿರುಗಿಸಿ ಹಿಡಿಸಿ, ಅಡ್ಡಡ್ಡ ಕ್ರಮದಲ್ಲಿ ಎರಡು ಸುತ್ತುಗಳಲ್ಲಿ ಬಿಗಿಯಬೇಕು. ಸಿಲಿಕಾನ್ ಹಾಕಿದ್ದರೆ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಕಾಯದೆ ಎಂಜಿನ್ ಚಾಲೂ ಮಾಡಬಾರದು.

ಇಷ್ಟಾದರೂ ಪಸೆ ಕಂಡರೆ ಸ್ಪ್ಯಾನರ್ ಎತ್ತುವ ಮುನ್ನ ಜಾಗವನ್ನು ಒರೆಸಿ, ಟಾಲ್ಕಂ ಪೌಡರ್ ಉದುರಿಸಿ, ಎಂಜಿನ್ ಓಡಿಸಿ ನೋಡಿ. ಎಣ್ಣೆ ಹೊರಡುವ ಜಾಗ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಎಣ್ಣೆ ಕೆಳಕ್ಕೆ ಇಳಿಯುವುದರಿಂದಲೂ ಗಾಳಿ ಅದನ್ನು ಹಿಂದಕ್ಕೆ ತಳ್ಳುವುದರಿಂದಲೂ ಒದ್ದೆಯಾದ ಜಾಗವೇ ಸೋರುವ ಜಾಗವಾಗಿರಬೇಕಿಲ್ಲ. ಗ್ಯಾಸ್ಕೆಟ್ ಸರಿಯಾಗಿದ್ದೂ ಸೋರುತ್ತಿದ್ದರೆ ಎಂಜಿನ್ನಿನ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪ್ ಬಿಚ್ಚಿ ನೋಡಿ. ಅದು ಕಟ್ಟಿಕೊಂಡಿದ್ದರೆ ಕ್ರ್ಯಾಂಕ್ ಕೇಸಿನ (ಎಂಜಿನ್ನಿನ ಕೆಳಭಾಗದ ಪೆಟ್ಟಿಗೆಯ) ಒತ್ತಡ ಹೊರಹೋಗಲು ದಾರಿಯಿಲ್ಲದೆ, ಎಷ್ಟೇ ನಾಜೂಕಾಗಿ ಕೂರಿಸಿದ ಗ್ಯಾಸ್ಕೆಟ್ಟಿನ ಅಂಚಿನಿಂದಲೂ ಎಣ್ಣೆಯನ್ನು ಹೊರದೂಡುತ್ತದೆ.