ಬಾಯಿಪಾಠ

ನನಗೆ 47. ಬ್ಯಾಂಕಿನಲ್ಲಿ ಹತ್ತು ಪುಟದ ಸಾಲಪತ್ರ ಕೊಟ್ಟರೆ ಎಲ್ಲಿ ಸಹಿ ಬಿಟ್ಟುಹೋಗಿದೆ ಎಂದು ಕೂತಲ್ಲಿಂದಲೇ ಹೇಳಬಲ್ಲೆ. ಅದೇ ನಾನು ಪ್ರತಿ ಶನಿವಾರ ಸಂಜೆ ಮಂಗಳೂರಿನ ಕಂಕನಾಡಿಯ ಒಂದು ಮಹಡಿ ಕೋಣೆಯಲ್ಲಿ, ಗಿಟಾರ್ ತೊಡೆಯ ಮೇಲಿಟ್ಟುಕೊಂಡು, ಪಾಶ್ಚಾತ್ಯ ಸಂಗೀತದ ಸ್ವರ ಬರೆಯುವ ಐದು ಗೆರೆಗಳ ಮುಂದೆ ನಿರಕ್ಷರಿಯಾಗಿ ಕೂರುತ್ತೇನೆ. ಸಹಪಾಠಿಗಳಿಗೆ ಎಂಟು ಒಂಬತ್ತು ವರ್ಷ. ಅವರಿಗೆ ನಾನು ಅಂಕಲ್.

"ಸ್ಯಾಕ್ಸೋಫೋನಿನಲ್ಲಿ ತ್ಯಾಗರಾಜರ ಕೀರ್ತನೆ ನುಡಿಸಿದ ಕದ್ರಿ ಗೋಪಾಲನಾಥರ ಊರಲ್ಲಿದ್ದುಕೊಂಡು ನಿನಗೆಂತಕ್ಕೆ ಮಾರಾಯ ಈ ಗೆರೆ, ಚುಕ್ಕೆ? ಸರಿಗಮ ಸಾಲದಾ?" ಎಂದು ಗೆಳೆಯ ಕೇಳಿದ. ನ್ಯಾಯವೇ. ಅಕ್ಕನ ಸಂಗೀತದ ಪುಸ್ತಕ ನೆನಪಿದೆ: ಸ ರಿ ಗ ಮ, ಎಳೆಯಬೇಕಾದಲ್ಲಿ ಒಂದು ಅಲ್ಪವಿರಾಮ, ಇನ್ನೂ ಎಳೆಯಬೇಕಾದರೆ ಅರ್ಧವಿರಾಮ. ಆದರೆ ಅದು ಟೀಚರ ಬಾಯಿಂದ ಕೇಳಿದ್ದು ಮರೆಯದಿರಲೆಂದು ಬರೆದಿಟ್ಟದ್ದು. ಈ ಗೆರೆಗಳ ಹಟವೇ ಬೇರೆ. ಸಾವಿರ ವರ್ಷದ ಹಿಂದೆ ಇಟಲಿಯ ಗುಯಿದೋ ಎಂಬ ಸನ್ಯಾಸಿ ಗೆರೆಗಳ ಮೇಲೆ ಸ್ವರ ಕೂರಿಸುವ ಕ್ರಮ ತಂದದ್ದೇ, ಹುಡುಗರು ಎಂದೂ ಕೇಳದ ಹಾಡನ್ನು ನೋಡಿಯೇ ಹಾಡಲಿ ಎಂದು. ಎಂದೂ ಕೇಳದ್ದನ್ನು! ಆ ಆಸೆಗೇ ನಾನು ಬಿದ್ದದ್ದು.

ಬಿದ್ದ ಮೇಲೆ ತಿಳಿಯಿತು, ಗಿಟಾರಿಗೆ ಸ್ವಲ್ಪ ಕುಹಕವೂ ಉಂಟು. ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ಅದು ನುಡಿಯುತ್ತದೆ. ಸಾಲದ್ದಕ್ಕೆ, ಗೆರೆಗಳ ನಡುವಿನ ಎಲ್ಲಕ್ಕಿಂತ ಮೇಲಿನ ಸಂದಿಯಲ್ಲಿ ಕೂತ 'ಇ' (E) ಸ್ವರ ಮೊದಲ ತಂತಿಯನ್ನು ಸುಮ್ಮನೆ ಮೀಟಿದರೂ ಬರುತ್ತದೆ, ಎರಡನೆಯದರ 5ನೇ ಫ್ರೆಟ್‌ನಲ್ಲೂ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ), ಮೂರನೆಯದರ 9ರಲ್ಲೂ, ನಾಲ್ಕನೆಯದರ 14ರಲ್ಲೂ. ಮನೆ ಹೆಸರು ಮಾತ್ರ ಬರೆದ ಕಾಗದ ಹಿಡಿದು, ಅದೇ ಹೆಸರಿನ ನಾಲ್ಕು ಮನೆಗಳ ನಡುವೆ ನಿಂತ ಅಂಚೆಯವನ ಪಾಡು. ಪಿಯಾನೋ ಕಲಿಯುವವರಿಗೆ ಈ ಗೋಳಿಲ್ಲ. ಅವರ ಮೇಲೆ ನನಗೆ ಸಣ್ಣ ಹೊಟ್ಟೆಕಿಚ್ಚಿದೆ.

ಹಾಗಾಗಿ ಕಳ್ಳದಾರಿ ಹಿಡಿದೆ. ಮಕ್ಕಳು ನುಡಿಸುವುದನ್ನು ಕೇಳಿ ಪಾಠ ಕಂಠಸ್ಥ ಮಾಡಿಕೊಂಡು, ಕಣ್ಣನ್ನು ಹಾಳೆಯ ಮೇಲೆ ನೆಟ್ಟು, ಘನಗಾಂಭೀರ್ಯದಿಂದ ಮೀಟುವುದು. ಎರಡು ವಾರ ನಡೆಯಿತು. ಮೂರನೇ ವಾರ ಸರ್ ನಡುವೆ ಬೆರಳಿಟ್ಟು, "ಇಲ್ಲಿಂದ ಶುರು ಮಾಡಿ" ಎಂದರು. ಶುರುವಿನಿಂದ ಹೊರಟರೆ ಮಾತ್ರ ನನ್ನ ಗಾಡಿ ಅಲ್ಲಿಗೆ ಮುಟ್ಟುವುದು. ಸುಮ್ಮನೆ ಕೂತೆ.

"ಇದು ಓದುವುದಲ್ಲ ಮಾರಾಯ್ರೇ, ಬಾಯಿಪಾಠ" ಎಂದು ನಕ್ಕು, ಯಾರೂ ನುಡಿಸದ ಹೊಸ ಹಾಳೆ ಕೊಟ್ಟರು.

ಹೊರಗೆ ಮಳೆ ಹೊಡೆಯುತ್ತಿತ್ತು. ನಾನು ಕಾಗುಣಿತ ಕೂಡಿಸುತ್ತಿದ್ದೆ: ಜಿ... ಎ... ಬಿ... ಪಕ್ಕದ ಹುಡುಗಿಗೆ ನನ್ನ ಪಾಡು ನೋಡಲಾಗಲಿಲ್ಲವೋ ಏನೋ, ತನ್ನ ಗಿಟಾರ್ ಕೆಳಗಿಟ್ಟು ಬಂದಳು. ಮಗಳು ಒಂದನೇ ಕ್ಲಾಸಿನಲ್ಲಿದ್ದಾಗ ನಾನು ಅವಳ ಕನ್ನಡ ಪುಸ್ತಕದ ಮೇಲೆ ಎಳೆಯುತ್ತಿದ್ದ ಹಾಗೆಯೇ, ಚುಕ್ಕೆಯಿಂದ ಚುಕ್ಕೆಗೆ ಬೆರಳೆಳೆದಳು. ಮುರಿದ ಕೊಕ್ಕೆಯಂಥ ಒಂದು ಗುರುತಿನ ಹತ್ತಿರ ಬೆರಳು ನಿಂತಿತು.

"ಇಲ್ಲಿ ಎಂತ ನುಡಿಸುವುದು?" ಎಂದೆ.

"ಇಲ್ಲಿ ಸುಮ್ಮನಿರುವುದು ಅಂಕಲ್."

ಅದನ್ನೂ ಎರಡು ಸಲ ತಪ್ಪಿದೆ.