ಗಲೀಜು ಯಾರದು?

ಕಳೆದ ವಾರ ತಮ್ಮನ ಮನೆಯಲ್ಲಿದ್ದೆ. ಬೆಳಿಗ್ಗೆ ಕಸದ ಆಟೊ ಬಂದಾಗ ಪೌರಕಾರ್ಮಿಕ ಮಹಿಳೆಯೊಬ್ಬರು ಕುಡಿಯಲು ನೀರು ಕೇಳಿದರು. ಸ್ಟೀಲ್ ಲೋಟದಲ್ಲಿ ಕೊಟ್ಟೆ. ಲೋಟ ವಾಪಸು ತೆಗೆದುಕೊಳ್ಳಲು ಕೈ ಚಾಚಿದಾಗ ತಮ್ಮನ ಏಳು ವರ್ಷದ ಮಗ ನನ್ನ ಸೆರಗು ಎಳೆದು, “ಅತ್ತೆ, ಅದನ್ನು ಮುಟ್ಟಬೇಡ, ಅವರು ಗಲೀಜು” ಎಂದ. ಆಕೆಗೆ ಕೇಳಿಸಿತು. ಲೋಟವನ್ನು ಕಟ್ಟೆಯ ಮೇಲಿಟ್ಟು ಹೊರಟರು.

ಅಂದಿನಿಂದ ಈ ಪದ ನನ್ನನ್ನು ಬಿಟ್ಟಿಲ್ಲ.

ಗಲೀಜು ನಮ್ಮಲ್ಲಿ ಹುಟ್ಟಿದ ಪದವಲ್ಲ. ಅರಬ್ಬಿಯಲ್ಲಿ ಅದಕ್ಕೆ ದಪ್ಪ, ಒರಟು ಎಂಬ ಅರ್ಥ. ಉರ್ದುವಿನಲ್ಲಿ ಕೊಳಕು ಎಂದಾಯಿತು. ಬಟ್ಟೆಗೆ ಹತ್ತಿದ್ದನ್ನು ನಾವು ಕೊಳೆ ಎನ್ನುತ್ತೇವೆ, ಉಂಡ ಪಾತ್ರೆಯದು ಮುಸುರೆ, ಮಳೆ ಬಿದ್ದ ಅಂಗಳ ರಾಡಿ. ಗಲೀಜು ಇವೆಲ್ಲಕ್ಕೂ ಒದಗುತ್ತದೆ. ಆದರೆ ಅದರ ಜೊತೆಗೆ ಬರುವ ಕ್ರಿಯಾಪದವನ್ನು ಗಮನಿಸಿ: ಗಲೀಜು ಮಾಡಬೇಡ, ಯಾರು ಗಲೀಜು ಮಾಡಿದ್ದು? ಮಾಡಿದವರೊಬ್ಬರು ಇದ್ದೇ ಇರುತ್ತಾರೆ. ನೀರು ಹಾಕಿ ಉಜ್ಜಿದರೆ ಅದು ಹೋಗುತ್ತದೆ. ಮೈಲಿಗೆ ಹಾಗಲ್ಲ. ಅದಕ್ಕೆ ಕೊಳೆಯೇ ಬೇಕಿಲ್ಲ. ಮಿಂದು, ಒಗೆದ ಬಟ್ಟೆ ಉಟ್ಟು ಬಂದವರ ನೆರಳಿಗೂ ಅದನ್ನು ಅಂಟಿಸಿದ ಸಮಾಜ ನಮ್ಮದು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ಈಗ ನಾಲ್ಕು ಜನರೆದುರು ಮೈಲಿಗೆ ಎನ್ನಲು ನಾಲಿಗೆ ಅಂಜುತ್ತದೆ. ಅಂಜಿದ ನಾಲಿಗೆ ಗಲೀಜು ಎಂದು ಹೇಳಿ ಅದನ್ನೇ ಸ್ವಚ್ಛತೆಯ ಕಾಳಜಿ ಎಂದು ತೋರಿಸಿಕೊಳ್ಳುತ್ತದೆ. ಮಗು ಆಡಿದ್ದು ಮೈಲಿಗೆಯ ಮಾತನ್ನೇ. ಕಲಿಸಿದವರು ನನ್ನ ಮನೆಯವರೇ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ ಈ ವಿಷಯದಲ್ಲಿ ನಮಗಿಂತ ನಿಖರವಾಗಿದೆ. ಮಲ ಪೂರ್ತಿ ಕೊಳೆಯುವ ಮೊದಲೇ ಮನುಷ್ಯರ ಕೈಯಿಂದ ತೆಗೆಸಬೇಕಾಗುವ ಶೌಚಾಲಯವನ್ನು ಅದು ಅನೈರ್ಮಲ್ಯದ ಶೌಚಾಲಯ ಎನ್ನುತ್ತದೆ. ಆ ಹೆಸರು ಶೌಚಾಲಯಕ್ಕೆ ಸಲ್ಲುತ್ತದೆ, ತೆಗೆಯುವವರಿಗಲ್ಲ. ಡೈಪರ್, ಪ್ಯಾಡ್‌ಗಳನ್ನು ಸುತ್ತಿ ಕೊಡುವ ಹೊಣೆಯನ್ನು 2016ರ ಘನತ್ಯಾಜ್ಯ ನಿಯಮಗಳು ಮನೆಯವರ ಮೇಲೆಯೇ ಹಾಕಿದವು. ಅಂದು ನಮ್ಮ ಚೀಲದಲ್ಲಿ ಹಳಸಿದ ಅನ್ನ, ಒಡೆದ ಗಾಜು, ಡೈಪರ್ ಒಟ್ಟಿಗೆ ಇದ್ದವು. ಆಕೆ ಅವನ್ನು ಬರಿಗೈಯಲ್ಲಿ ಬೇರ್ಪಡಿಸಿದ್ದರು.

ಸಂಜೆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೈಯದೆ ಕೇಳಿದೆ.

“ಅವರ ಕೈಗೆ ಏನು ಹತ್ತಿತ್ತು?”

“ಡೈಪರ್‌ನಲ್ಲಿದ್ದದ್ದು.”

“ಯಾರ ಡೈಪರ್?”

ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ, “ತಂಗಿಯದು” ಎಂದ.